ಸೋತ ಮೇಲೆ ಏನು ಮಾಡಬೇಕು: ಮೊದಲ ದಿನದಿಂದ ಮರುಪ್ರಯತ್ನದವರೆಗೆ, ಹಂತ ಹಂತವಾಗಿ

'ಸೋಲಿನಿಂದ ಪಾಠ ಕಲಿಯಿರಿ' ಎಂಬ ಮಾತನ್ನು ಕೇಳದವರಿಲ್ಲ. ಹೇಗೆ ಕಲಿಯಬೇಕೆಂದು ಕೂತು ಹೇಳಿಕೊಟ್ಟವರು ಮಾತ್ರ ಕಡಿಮೆ. ಹಾಗಾಗಿ ಒಂದೇ ಪರೀಕ್ಷೆಯಲ್ಲಿ, ಒಂದೇ ಬಗೆಯ ಸಂದರ್ಶನದಲ್ಲಿ, ಒಂದೇ ರೀತಿಯ ವ್ಯವಹಾರದಲ್ಲಿ ಜನ ಮೂರು ನಾಲ್ಕು ಸಲ ಮುಗ್ಗರಿಸುತ್ತಾರೆ. ಎಡವಿದ ಬೆರಳೇ ಎಡವುವುದು ಎಂಬ ಗಾದೆಯನ್ನು ಅದೃಷ್ಟದ ಮೇಲೆ ಹಾಕಿ ಸುಮ್ಮನಾಗುತ್ತೇವೆ.

ಹೀಗೆ ಮತ್ತೆ ಮತ್ತೆ ಎಡವಿದವರ ಜೊತೆ ಮಾತಾಡಿದಾಗ ನನಗೆ ಕಂಡದ್ದು ಒಂದೇ ವಿಷಯ. ಅವರಲ್ಲಿ ಶ್ರದ್ಧೆಯ ಕೊರತೆ ಇರುವುದಿಲ್ಲ, ಕ್ರಮ ತಪ್ಪಿರುತ್ತದೆ. ಏನಾಯಿತು ಎಂದು ಬರೆದಿಡುವ ಮೊದಲೇ ಯಾಕಾಯಿತು ಎಂದು ತೀರ್ಪು ಕೊಟ್ಟಿರುತ್ತಾರೆ. ತೀರ್ಪು ಮೊದಲು ಬಂದರೆ ನೆನಪು ಅದಕ್ಕೆ ತಕ್ಕ ಹಾಗೆ ಸಾಕ್ಷಿ ಹೇಳತೊಡಗುತ್ತದೆ. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಆ ಕ್ರಮವನ್ನು ಸರಿಪಡಿಸಲೆಂದೇ ಇವೆ. ಹಂತಗಳನ್ನು ಅದಲು ಬದಲು ಮಾಡಬೇಡಿ.

ಕಲಿಯುವುದು ಕಷ್ಟವಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಮನೋವಿಜ್ಞಾನದ ಸಂಶೋಧಕರಾದ ಲಾರೆನ್ ಎಸ್ಕ್ರೈಸ್-ವಿಂಕ್ಲರ್ ಮತ್ತು ಅಯೆಲೆಟ್ ಫಿಶ್‌ಬಾಕ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಎರಡೇ ಆಯ್ಕೆಗಳಿರುವ ಪ್ರಶ್ನೆಗಳನ್ನು ಕೊಟ್ಟಿದ್ದರು. ಎರಡೇ ಆಯ್ಕೆ ಇರುವಾಗ 'ನಿಮ್ಮ ಉತ್ತರ ತಪ್ಪು' ಎಂದರೂ ಸರಿಯುತ್ತರ ತಿಳಿದ ಹಾಗೆಯೇ. ಆದರೂ 'ಸರಿ' ಎಂದು ಕೇಳಿಸಿಕೊಂಡವರಿಗಿಂತ 'ತಪ್ಪು' ಎಂದು ಕೇಳಿಸಿಕೊಂಡವರು ಕಡಿಮೆ ಕಲಿತರು. ಬೇರೊಬ್ಬರ ತಪ್ಪನ್ನು ನೋಡಿದಾಗ ಈ ತೊಂದರೆ ಇರಲಿಲ್ಲ. ತನ್ನದೇ ಸೋಲು ಎಂದ ಕೂಡಲೇ ಮನಸ್ಸು ಮುಖ ತಿರುಗಿಸುತ್ತದೆ. ನಿಮಗೂ ಹಾಗೇ ಆಗುತ್ತಿದ್ದರೆ ಅದು ನಿಮ್ಮೊಬ್ಬರ ದೌರ್ಬಲ್ಯ ಎಂದು ತಿಳಿಯಬೇಡಿ.

ಬೇಕಾಗುವ ಸಾಮಾನು

ಎರಡು ನೋಟ್‌ಪುಸ್ತಕ. ಒಂದೇ ಪುಸ್ತಕ ಸಾಲದು, ಕಾರಣವನ್ನು ಎರಡನೇ ಹಂತದಲ್ಲಿ ಹೇಳುತ್ತೇನೆ. ಒಂದು ಕ್ಯಾಲೆಂಡರ್. ಆ ಕೆಲಸಕ್ಕೆ ಸಂಬಂಧಿಸಿದ ಹಳೆಯ ಸಂದೇಶಗಳು, ಇಮೇಲ್‌ಗಳು, ಲೆಕ್ಕ, ಉತ್ತರಪತ್ರಿಕೆ, ರಸೀದಿ, ಹೀಗೆ ಏನೇನು ಉಳಿದಿದೆಯೋ ಅವೆಲ್ಲ. ಇವುಗಳ ಜೊತೆಗೆ, ನಿಮ್ಮನ್ನು ಸಮಾಧಾನಪಡಿಸುವುದಕ್ಕಿಂತ ಪ್ರಶ್ನೆ ಕೇಳುವುದರಲ್ಲಿ ಆಸಕ್ತಿ ಇರುವ ಒಬ್ಬ ಮನುಷ್ಯ. ಆ ವ್ಯಕ್ತಿ ಐದನೇ ಹಂತದಲ್ಲಿ ಬೇಕಾಗುತ್ತಾರೆ, ಈಗಲೇ ಯೋಚಿಸಿಡಿ.

ಸಮಯ: ಒಂದು ಪರೀಕ್ಷೆ ಅಥವಾ ಸಂದರ್ಶನದಷ್ಟು ದೊಡ್ಡ ಸೋಲಿಗೆ ಒಂದು ವಾರ. ಮುಚ್ಚಿಹೋದ ವ್ಯಾಪಾರ, ಮುರಿದ ಪಾಲುದಾರಿಕೆಯಂಥವಕ್ಕೆ ಒಂದೂವರೆ ತಿಂಗಳಾದರೂ ಹಿಡಿಯುತ್ತದೆ.

ಹಂತ 1: ಮೊದಲು ಸೋರಿಕೆ ನಿಲ್ಲಿಸಿ

ಪೈಪು ಒಡೆದಾಗ ಯಾರ ತಪ್ಪೆಂದು ಕೇಳುವ ಮೊದಲು ವಾಲ್ವ್ ಮುಚ್ಚುತ್ತೇವೆ. ಸೋಲಿನ ಮೊದಲ 24 ಗಂಟೆಯ ಕೆಲಸವೂ ಅಷ್ಟೇ. ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಗಳಿಗೆಯಲ್ಲೂ ಹಣ ಹೋಗುತ್ತಿದೆಯೇ? ಮುಗಿಯುತ್ತಿರುವ ಗಡುವು ಯಾವುದಾದರೂ ಇದೆಯೇ, ಉದಾಹರಣೆಗೆ ಮರುಮೌಲ್ಯಮಾಪನಕ್ಕೆ, ಮೇಲ್ಮನವಿಗೆ, ಹಣ ವಾಪಸಾತಿಗೆ ಅರ್ಜಿ ಹಾಕುವ ಕೊನೆಯ ದಿನ? ನನ್ನಿಂದ ಸುದ್ದಿ ತಿಳಿಯಬೇಕಾದವರು ಯಾರು?

ಮೂರನೆಯದನ್ನು ಜನ ಮುಂದೂಡುತ್ತಾರೆ, ಹೆಚ್ಚು ಹಾನಿಯಾಗುವುದೂ ಅಲ್ಲೇ. ಸುದ್ದಿ ಬೇರೆಯವರ ಬಾಯಿಂದ ತಲುಪಿದರೆ ಸೋಲಿನ ಜೊತೆಗೆ ನಂಬಿಕೆಯೂ ಹೋಗುತ್ತದೆ. ಹೇಳುವುದು ಚಿಕ್ಕದಾಗಿರಲಿ: "ಇದು ಆಗಲಿಲ್ಲ. ಯಾಕೆಂದು ಇನ್ನೂ ನೋಡುತ್ತಿದ್ದೇನೆ. ಇಂಥ ದಿನದೊಳಗೆ ನಿಮಗೆ ವಿವರ ಹೇಳುತ್ತೇನೆ." ಕಾರಣ ಕೊಡಲು ಹೋಗಬೇಡಿ. ಆ ಹೊತ್ತಿನಲ್ಲಿ ಬಾಯಿಗೆ ಬರುವ ಕಾರಣ ಬಹುಪಾಲು ತಪ್ಪಾಗಿರುತ್ತದೆ, ಒಮ್ಮೆ ಹೇಳಿದ ಮೇಲೆ ಅದನ್ನೇ ಸಮರ್ಥಿಸಿಕೊಂಡು ಕೂರಬೇಕಾಗುತ್ತದೆ.

ಸಾಮಾನ್ಯ ತಪ್ಪು: ಅದೇ ದಿನ ದೊಡ್ಡ ನಿರ್ಧಾರ ಮಾಡುವುದು. ಕೆಲಸಕ್ಕೆ ರಾಜೀನಾಮೆ, ಸಂಬಂಧ ಕಡಿದುಕೊಳ್ಳುವುದು, ಸಾಲ ಮಾಡಿ ಮತ್ತೆ ಹೂಡುವುದು, 'ಇನ್ನು ಈ ಕಡೆ ತಲೆ ಹಾಕುವುದಿಲ್ಲ' ಎಂದು ಹತ್ತು ಜನರ ಮುಂದೆ ಘೋಷಿಸುವುದು. ಕಾನೂನಿನ ಗಡುವು ಇಲ್ಲದ ಯಾವ ನಿರ್ಧಾರವನ್ನೂ ಕನಿಷ್ಠ ಒಂದು ವಾರ ಮುಂದಕ್ಕೆ ಹಾಕಿ.

ಹಂತ 2: ನೋವಿಗೊಂದು ಪುಸ್ತಕ, ನಡೆದದ್ದಕ್ಕೊಂದು ಪುಸ್ತಕ

ಎರಡು ಪುಸ್ತಕ ಬೇಕೆಂದದ್ದು ಇದಕ್ಕೆ. ಮೊದಲನೆಯದು ಸಿಟ್ಟು, ನಾಚಿಕೆ, ಭಯಕ್ಕೆ. ಮನೋವಿಜ್ಞಾನಿ ಜೇಮ್ಸ್ ಪೆನ್ನಿಬೇಕರ್ 1980ರ ದಶಕದಲ್ಲಿ ಆರಂಭಿಸಿದ ಪ್ರಯೋಗಗಳಲ್ಲಿ ಜನರಿಂದ ದಿನಕ್ಕೆ 15ರಿಂದ 20 ನಿಮಿಷ, ಮೂರು ನಾಲ್ಕು ದಿನ ಬರೆಸುತ್ತಿದ್ದರು. ಕಾಗುಣಿತ, ವಾಕ್ಯರಚನೆಯ ಗೊಡವೆ ಇಲ್ಲದೆ, ಯಾರಿಗೂ ತೋರಿಸುವ ಹಂಗಿಲ್ಲದೆ. ಅದೇ ಅಳತೆ ಇಲ್ಲಿಗೂ ಸಾಕು. ಗಡಿಯಾರ ಇಟ್ಟುಕೊಂಡು ಬರೆಯಿರಿ, ಸಮಯ ಮುಗಿದ ಕೂಡಲೇ ಪುಸ್ತಕ ಮುಚ್ಚಿ. ಬರೆದಾಗಲೆಲ್ಲ ಸಂಕಟ ಹೆಚ್ಚುತ್ತಲೇ ಹೋದರೆ ಬಿಟ್ಟುಬಿಡಿ, ಇದು ಎಲ್ಲರಿಗೂ ಒಗ್ಗುವ ಔಷಧವಲ್ಲ.

ಎರಡನೆಯ ಪುಸ್ತಕದಲ್ಲಿ ನಡೆದದ್ದು ಮಾತ್ರ ಇರಬೇಕು. ಇದನ್ನು ಎರಡು ದಿನದೊಳಗೆ ಶುರುಮಾಡಿ. ವಿಚಾರಣೆ ಆಮೇಲೆ ನಡೆಯಲಿ, ದಾಖಲೆ ಮಾತ್ರ ತಡವಾಗಬಾರದು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತೇವಲ್ಲ, ಹಾಗೆ ತಡವಾಗಿ ಬಂದ ಬುದ್ಧಿ ತಾನು ಮೊದಲಿನಿಂದಲೂ ಇಲ್ಲೇ ಇದ್ದೆ ಎಂದು ನಟಿಸುತ್ತದೆ. ಮನೋವಿಜ್ಞಾನಿ ಬರೂಕ್ ಫಿಷಾಫ್ 1970ರ ದಶಕದಲ್ಲಿ ಇದನ್ನು ತೋರಿಸಿದರು. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗ್ ಮತ್ತು ಮಾಸ್ಕೊಗೆ ಹೋಗುವ ಮುನ್ನ, ಅಲ್ಲಿ ಏನೇನು ಆಗಬಹುದೆಂದು ಜನರಿಂದ ಅಂದಾಜು ಬರೆಸಿಕೊಂಡರು. ಪ್ರವಾಸ ಮುಗಿದ ಮೇಲೆ, ಹಿಂದೆ ಏನು ಬರೆದಿದ್ದಿರಿ ಎಂದು ಅವರನ್ನೇ ಕೇಳಿದರು. ನಿಜವಾಗಿ ನಡೆದ ಸಂಗತಿಗಳನ್ನು ತಾವು ಮೊದಲೇ ಹೆಚ್ಚು ಖಚಿತವಾಗಿ ಊಹಿಸಿದ್ದೆವೆಂದು ಜನ ನೆನಪಿಸಿಕೊಂಡರು. 'ನನಗೆ ಆಗಲೇ ಗೊತ್ತಿತ್ತು' ಎನ್ನುವುದು ಸುಳ್ಳು ಹೇಳುವ ಉದ್ದೇಶದಿಂದ ಬರುವ ಮಾತಲ್ಲ. ನೆನಪೇ ಬದಲಾಗಿರುತ್ತದೆ. ಅದು ಬದಲಾಗುವ ಮುನ್ನ ಕಾಗದಕ್ಕೆ ಇಳಿಸುವುದು ಈ ಹಂತದ ಗುರಿ.

ಹಂತ 3: ಏನಾಯಿತು ಎಂದು ತಾರೀಖಿನ ಪ್ರಕಾರ ಬರೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲಿಗೆ.

ಪುಟವನ್ನು ಮೂರು ಕಾಲಂ ಮಾಡಿ: ತಾರೀಖು, ನಡೆದದ್ದು, ಆ ದಿನ ನನಗೆ ಗೊತ್ತಿದ್ದದ್ದು. ಮೂರನೇ ಕಾಲಂ ತುಂಬುವಾಗ ಹಳೆಯ ಸಂದೇಶಗಳನ್ನು ತೆರೆದು ನೋಡಿ, ನೆನಪನ್ನು ನಂಬಬೇಡಿ. ವಿಶೇಷಣಗಳನ್ನು ದೂರವಿಡಿ. 'ಸರಿಯಾಗಿ ಓದಲಿಲ್ಲ' ಎಂದು ಬರೆದರೆ ಅದು ತೀರ್ಪು. 'ಮಾರ್ಚ್ 3ರಿಂದ 9ರವರೆಗೆ ಒಟ್ಟು ನಾಲ್ಕು ಗಂಟೆ ಓದಿದೆ' ಎಂದರೆ ದಾಖಲೆ. 'ಗ್ರಾಹಕ ಮೋಸ ಮಾಡಿದ' ತೀರ್ಪು. 'ಮುಂಗಡವಿಲ್ಲದೆ ಸರಕು ಕಳಿಸಿದೆ, 30 ದಿನದಲ್ಲಿ ಕೊಡುತ್ತೇನೆಂದು ಹೇಳಿದ್ದರು, 75 ದಿನ ಕಳೆದರೂ ಬಂದಿಲ್ಲ' ದಾಖಲೆ.

ಇದರಿಂದ ಏನು ಸಿಗುತ್ತದೆಂದು ನನ್ನದೇ ಸೋಲಿನಿಂದ ತೋರಿಸುತ್ತೇನೆ. ಒಮ್ಮೆ 240 ಪುಟದ ತಾಂತ್ರಿಕ ಪುಸ್ತಕವೊಂದನ್ನು 80 ದಿನದಲ್ಲಿ ಅನುವಾದಿಸಿಕೊಡಲು ಒಪ್ಪಿಕೊಂಡೆ, ಅಂದರೆ ದಿನಕ್ಕೆ 3 ಪುಟ. ಗಡುವಿನ ದಿನ ನನ್ನ ಕೈಯಲ್ಲಿದ್ದದ್ದು 190 ಪುಟ. ಕೆಲಸ ಕೈಬಿಟ್ಟು ಹೋಯಿತು. 'ನಾನು ಸೋಮಾರಿ' ಎಂಬುದು ನನ್ನ ತೀರ್ಪು, ಅದನ್ನು ವಾರಗಟ್ಟಲೆ ನಂಬಿಕೊಂಡಿದ್ದೆ. ಆಮೇಲೆ ಕೂತು ತಾರೀಖು ಹಾಕಿದೆ. ಮೊದಲ 20 ದಿನದಲ್ಲಿ 70 ಪುಟ ಆಗಿತ್ತು, ಅಂದರೆ ಲೆಕ್ಕಕ್ಕಿಂತ ಮುಂದೆಯೇ ಇದ್ದೆ. 21ನೇ ದಿನ ಪಾರಿಭಾಷಿಕ ಪದಗಳ ಪಟ್ಟಿಯೊಂದನ್ನು ಒಪ್ಪಿಗೆಗೆ ಕಳಿಸಿ ಉತ್ತರಕ್ಕೆ ಕಾದೆ. ಉತ್ತರ ಬರಲು 12 ದಿನ ಹಿಡಿಯಿತು, ಆ 12 ದಿನದಲ್ಲಿ ಮಾಡಿದ್ದು 9 ಪುಟ. ಬಂದ ಉತ್ತರದಲ್ಲಿ ಹಲವು ಪದ ಬದಲಾಗಿದ್ದವು, ಮೊದಲ 70 ಪುಟವನ್ನು ತಿದ್ದಲು ಇನ್ನೂ 10 ದಿನ ಹೋಯಿತು. ಉಳಿದ 38 ದಿನದಲ್ಲಿ 111 ಪುಟ ಮಾಡಿದ್ದೆ.

ಭಾಗಿಸಿ ನೋಡಿದರೆ ದಿನಕ್ಕೆ 2.9 ಪುಟ. ಸೋಮಾರಿತನ ಎಲ್ಲಿತ್ತು? ಕೆಲಸದ ವೇಗ ಹೆಚ್ಚು ಕಡಿಮೆ ಒಪ್ಪಂದದಷ್ಟೇ ಇತ್ತು. ಹೋದದ್ದು ಆ 22 ದಿನ. 'ಇನ್ನು ಮುಂದೆ ಬೆಳಿಗ್ಗೆ ಬೇಗ ಏಳುತ್ತೇನೆ' ಎಂದು ನಾನು ಮಾಡಿಕೊಂಡಿದ್ದ ಸಂಕಲ್ಪಕ್ಕೂ ನನ್ನ ಸೋಲಿಗೂ ಸಂಬಂಧವೇ ಇರಲಿಲ್ಲ.

ಸಾಮಾನ್ಯ ತಪ್ಪು: ಕೊನೆಯ ವಾರದ ಬಗ್ಗೆ ಪುಟಗಟ್ಟಲೆ ಬರೆದು ಮೊದಲ ತಿಂಗಳನ್ನು ಎರಡು ಸಾಲಿನಲ್ಲಿ ಮುಗಿಸುವುದು. ಕೊನೆಯ ವಾರ ಹೆಚ್ಚು ನೋಯಿಸುತ್ತದೆ, ಅದಕ್ಕೇ ದೊಡ್ಡದಾಗಿ ಕಾಣುತ್ತದೆ. ಬೀಜ ಇರುವುದು ಸಾಮಾನ್ಯವಾಗಿ ಹಿಂದೆ.

ಹಂತ 4: ದಾರಿ ಬೇರೆಯಾದ ಜಾಗ ಗುರುತಿಸಿ

ಅಮೆರಿಕದ ಸೇನೆಯಲ್ಲಿ ಪ್ರತಿ ತರಬೇತಿ ಕಾರ್ಯಾಚರಣೆಯ ನಂತರ ಕೂತು ಚರ್ಚಿಸುವ ಪದ್ಧತಿ ಇದೆ. ಅದರ ತಿರುಳು ನಾಲ್ಕು ಪ್ರಶ್ನೆ. ಏನಾಗಬೇಕಿತ್ತು? ಏನಾಯಿತು? ವ್ಯತ್ಯಾಸ ಯಾಕೆ ಬಂತು? ಮುಂದಿನ ಸಲ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬದಲಿಸಬೇಕು? ಇವುಗಳ ಅನುಕ್ರಮವನ್ನು ಗಮನಿಸಿ, 'ಯಾಕೆ' ಬರುವುದು ಮೂರನೆಯದಾಗಿ.

ನಿಮ್ಮ ದಾಖಲೆಯ ಪಕ್ಕದಲ್ಲಿ ಮೂಲ ಯೋಜನೆಯನ್ನು ಬರೆಯಿರಿ. ಮೊದಲ ಬಾರಿ ಇವೆರಡೂ ಬೇರೆಯಾದ ತಾರೀಖಿಗೆ ಸುತ್ತು ಹಾಕಿ. ನನ್ನ ಲೆಕ್ಕದಲ್ಲಿ ಅದು 21ನೇ ದಿನ. ಅದರ ನಂತರ ಇನ್ನೊಂದು ಸುತ್ತು ಬೇಕು: ಹಾದಿ ತಪ್ಪಿದೆ ಎಂದು ನಿಮಗೆ ಗೊತ್ತಾದ ದಿನಕ್ಕೆ. ನನಗೆ ಸುಮಾರು 50ನೇ ದಿನವೇ ಗೊತ್ತಾಗಿತ್ತು, ಬಾಯಿಬಿಟ್ಟು ಹೇಳಿದ್ದು 79ನೇ ದಿನ. ಈ ಎರಡನೇ ಸುತ್ತು ನೋಡಿ ನನಗೆ ಮೊದಲನೆಯದಕ್ಕಿಂತ ಹೆಚ್ಚು ನಾಚಿಕೆಯಾಯಿತು, ಹೆಚ್ಚು ಉಪಯೋಗವೂ ಅದರಿಂದಲೇ ಆಯಿತು.

ಮೂಲ ಯೋಜನೆಯೇ ಇರಲಿಲ್ಲ ಎಂದು ಇಲ್ಲಿ ತಿಳಿದುಬಂದರೆ ಮುಂದೆ ಹೋಗುವ ಅಗತ್ಯವಿಲ್ಲ. ನಿಮ್ಮ ಮೊದಲ ಪಾಠ ಸಿಕ್ಕಿತು.

ಹಂತ 5: ಕಾರಣ ಹುಡುಕಿ, ಆರೋಪಿಯನ್ನಲ್ಲ

ವಿಮಾನ ಅಪಘಾತಗಳ ತನಿಖೆಗೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧ ಒಂದು ನಿಯಮ ಹಾಕಿದೆ: ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದು, ತಪ್ಪು ಯಾರದ್ದು, ಹೊಣೆ ಯಾರದ್ದು ಎಂದು ಹಂಚುವುದಲ್ಲ. ಶಿಕ್ಷೆಯ ಭಯವಿದ್ದಲ್ಲಿ ಮಾಹಿತಿ ಹೊರಗೆ ಬರುವುದಿಲ್ಲ. ನಿಮ್ಮೊಳಗಿನ ವಿಚಾರಣೆಗೂ ಇದೇ ಅನ್ವಯ. 'ನಾನು ದಡ್ಡ' ಎಂಬ ಶಿಕ್ಷೆ ಕಾದಿದ್ದರೆ ಮನಸ್ಸು ಸತ್ಯವನ್ನು ಬಚ್ಚಿಡುತ್ತದೆ.

ಸುತ್ತು ಹಾಕಿದ ಜಾಗವನ್ನು ಹಿಡಿದು 'ಇದು ಯಾಕಾಯಿತು' ಎಂದು ಕೇಳಿ, ಬಂದ ಉತ್ತರಕ್ಕೆ ಮತ್ತೆ 'ಅದು ಯಾಕೆ' ಎಂದು ಕೇಳಿ. ಉತ್ತರ ಒಂದು ಕ್ರಿಯೆ ಅಥವಾ ವ್ಯವಸ್ಥೆಗೆ ಬಂದು ನಿಲ್ಲಬೇಕು. ಗುಣಕ್ಕೆ ಬಂದು ನಿಂತರೆ ಹಾದಿ ತಪ್ಪಿದ್ದೀರಿ ಎಂದರ್ಥ. 12 ದಿನ ಯಾಕೆ ಕಾದೆ? ಉತ್ತರ ಬರಲಿಲ್ಲ. ಯಾಕೆ ಮತ್ತೆ ಕೇಳಲಿಲ್ಲ? ತೊಂದರೆ ಕೊಟ್ಟಂತಾಗುತ್ತದೆ ಎಂದುಕೊಂಡೆ. ಕೇಳಲು ಎಷ್ಟು ದಿನ ಕಾಯಬೇಕೆಂದು ಮೊದಲೇ ಮಾತಾಡಿಕೊಂಡಿದ್ದೆವೇ? ಇಲ್ಲ. ಇಲ್ಲಿ ನಿಲ್ಲಿಸಬಹುದು. 'ನನ್ನದು ಸಂಕೋಚದ ಸ್ವಭಾವ' ಎಂಬಲ್ಲಿ ನಿಲ್ಲಿಸಿದ್ದರೆ ಕೈಗೆ ಏನೂ ಸಿಗುತ್ತಿರಲಿಲ್ಲ.

ಸಿಕ್ಕ ಕಾರಣಗಳನ್ನು ಮೂರು ಗುಂಪು ಮಾಡಿ: ನನ್ನ ಕೈಯಲ್ಲಿದ್ದದ್ದು, ಬೇರೆಯವರ ಕೈಯಲ್ಲಿದ್ದದ್ದು, ಯಾರ ಕೈಯಲ್ಲೂ ಇಲ್ಲದ್ದು. ಮೂರೂ ಗುಂಪಿನಲ್ಲಿ ಏನಾದರೂ ಇರಬೇಕು. ಮೊದಲನೆಯದು ಖಾಲಿ ಇದ್ದರೆ, ಕುಣಿಯಲಾರದವಳು ನೆಲ ಡೊಂಕೆಂದ ಕಥೆಯಾಗುತ್ತದೆ. ಉಳಿದೆರಡು ಖಾಲಿ ಇದ್ದರೆ ಅದೂ ಅಷ್ಟೇ ಸುಳ್ಳು, ಪ್ರಾಮಾಣಿಕತೆಯಂತೆ ಕಾಣುವುದರಿಂದ ಹೆಚ್ಚು ಅಪಾಯಕಾರಿ. ಎಲ್ಲವನ್ನೂ ತಲೆಯ ಮೇಲೆ ಹೊತ್ತುಕೊಳ್ಳುವ ಒಳ್ಳೆಯ ಮನುಷ್ಯರನ್ನು ನಾನು ಬಹಳ ನೋಡಿದ್ದೇನೆ. ಅವರು ತಮ್ಮನ್ನು ತಿದ್ದಿಕೊಳ್ಳುತ್ತಲೇ ಇರುತ್ತಾರೆ, ಕೆಟ್ಟ ವ್ಯವಸ್ಥೆ ಹಾಗೇ ಉಳಿಯುತ್ತದೆ.

ಈಗ ನೀವು ಮೊದಲೇ ಯೋಚಿಸಿಟ್ಟ ವ್ಯಕ್ತಿಯನ್ನು ಕರೆಯಿರಿ. ದಾಖಲೆಯನ್ನು ಮಾತ್ರ ಕೊಟ್ಟು, ನಿಮ್ಮ ಕಾರಣಗಳನ್ನು ಹೇಳದೆ, ಎಲ್ಲಿ ತಪ್ಪಿದೆ ಅನ್ನಿಸುತ್ತದೆ ಎಂದು ಕೇಳಿ. ಅವರು ಮಾತಾಡುವಾಗ ಸಮರ್ಥನೆ ಕೊಡಬೇಡಿ, ಬರೆದುಕೊಳ್ಳಿ. ಅಂಥವರು ಯಾರೂ ಸಿಗದಿದ್ದರೆ ದಾಖಲೆಯಲ್ಲಿ 'ನಾನು' ಇದ್ದಲ್ಲೆಲ್ಲ ನಿಮ್ಮ ಹೆಸರು ಹಾಕಿ ಓದಿ. ಮನೋವಿಜ್ಞಾನಿ ಈಥನ್ ಕ್ರಾಸ್ ಮತ್ತು ಅವರ ಸಹೋದ್ಯೋಗಿಗಳು 2014ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ತಮ್ಮನ್ನು ತಾವು ಹೆಸರಿಟ್ಟು ಮಾತಾಡಿಸಿಕೊಂಡವರು ಒತ್ತಡದ ಸಂದರ್ಭವನ್ನು 'ನಾನು' ಎಂದು ಯೋಚಿಸಿದವರಿಗಿಂತ ಚೆನ್ನಾಗಿ ನಿಭಾಯಿಸಿದ್ದರು. ಬೇರೆಯವರ ಸೋಲಿನಿಂದ ಸುಲಭವಾಗಿ ಕಲಿಯುತ್ತೇವಲ್ಲ, ನಿಮ್ಮದನ್ನೂ ಸ್ವಲ್ಪ ಹೊತ್ತು ಬೇರೆಯವರದನ್ನಾಗಿ ಮಾಡಿಕೊಳ್ಳುವ ಉಪಾಯ ಇದು.

ಹಂತ 6: ಕೆಡದೆ ಉಳಿದದ್ದನ್ನು ಪಟ್ಟಿ ಮಾಡಿ

ಈ ಹಂತವನ್ನು ಬಹುತೇಕರು ಹಾರಿಸುತ್ತಾರೆ. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಚಂದ್ರನ ಮೇಲೆ ಅಪ್ಪಳಿಸಿತು, ಚಂದ್ರನನ್ನು ಸುತ್ತುವ ಅದರ ಆರ್ಬಿಟರ್ ಮಾತ್ರ ಕೆಲಸ ಮಾಡುತ್ತಲೇ ಇತ್ತು. ಚಂದ್ರಯಾನ-3ರಲ್ಲಿ ಹೊಸ ಆರ್ಬಿಟರ್ ಕಳಿಸಲೇ ಇಲ್ಲ. 2023ರ ಆಗಸ್ಟ್‌ನಲ್ಲಿ ಹೊಸ ಲ್ಯಾಂಡರ್ ಆ ಹಳೆಯ ಆರ್ಬಿಟರ್ ಜೊತೆಗೇ ಸಂಪರ್ಕ ಸಾಧಿಸಿತು. ಬದಲಾವಣೆಯನ್ನು ಬೇಕಾದ ಕಡೆ ಮಾತ್ರ ಮಾಡಿದ್ದರು: ಕಾಲುಗಳನ್ನು ಗಟ್ಟಿಗೊಳಿಸಿದರು, ಇಂಧನ ಹೆಚ್ಚಿಸಿದರು, ಇಳಿಯಲು ಗುರುತಿಸಿದ್ದ 500 ಮೀಟರ್ ಚೌಕದ ಜಾಗವನ್ನು ಕಿಲೋಮೀಟರ್‌ಗಳಿಗೆ ಹಿಗ್ಗಿಸಿದರು.

ನಿಮ್ಮ ಸೋಲಿನಲ್ಲೂ ಒಂದು ಆರ್ಬಿಟರ್ ಸುತ್ತುತ್ತಿರುತ್ತದೆ. ಮುಚ್ಚಿದ ಅಂಗಡಿಯ ಹಿಂದೆ ಇನ್ನೂ ಫೋನ್ ಎತ್ತುವ ಗ್ರಾಹಕರಿರುತ್ತಾರೆ. ಫೇಲಾದ ಪರೀಕ್ಷೆಯಲ್ಲಿ ಎರಡು ವಿಷಯ ಚೆನ್ನಾಗಿಯೇ ಆಗಿರುತ್ತವೆ, ಅವನ್ನು ಮೊದಲಿಂದ ಓದಬೇಕಿಲ್ಲ.

ಒಂದು ಎಚ್ಚರಿಕೆ. ಉಳಿದದ್ದನ್ನು ಹೊಸ ಪರಿಸ್ಥಿತಿಯಲ್ಲಿ ಪರೀಕ್ಷಿಸಿಯೇ ಬಳಸಿ. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ಒಂದು ನಿಮಿಷವೂ ತುಂಬುವ ಮೊದಲು ನಾಶವಾಯಿತು. ಏರಿಯಾನ್-4ರಲ್ಲಿ ಚೆನ್ನಾಗಿ ನಡೆದಿದ್ದ ತಂತ್ರಾಂಶವನ್ನು ಹಾಗೇ ತಂದಿದ್ದರು. ಹೊಸ ರಾಕೆಟ್ಟಿನ ವೇಗ ಬೇರೆ, ಅಲ್ಲಿ ಹುಟ್ಟಿದ ಸಂಖ್ಯೆ ಆ ತಂತ್ರಾಂಶದ ಮಿತಿಗೆ ಹಿಡಿಸಲಿಲ್ಲ.

ಹಂತ 7: ಒಂದೇ ಒಂದು ಬದಲಾವಣೆ ಆರಿಸಿ

ಇಲ್ಲಿಗೆ ಬರುವಷ್ಟರಲ್ಲಿ ಹತ್ತು ಹನ್ನೆರಡು ಪಾಠಗಳು ಸೇರಿರುತ್ತವೆ. ಎಲ್ಲವನ್ನೂ ಒಟ್ಟಿಗೆ ಜಾರಿಗೆ ತರಬೇಡಿ. ಎಲ್ಲವನ್ನೂ ಬದಲಿಸಿ ಗೆದ್ದರೆ ಯಾವುದು ಗೆಲ್ಲಿಸಿತೆಂದು ತಿಳಿಯುವುದಿಲ್ಲ, ಸೋತರಂತೂ ಇನ್ನೂ ಗೊಂದಲ. 'ಇದೊಂದು ಆಗದಿದ್ದಿದ್ದರೆ ಉಳಿದದ್ದು ಸಂಭಾಳಿಸಬಹುದಿತ್ತು' ಎನ್ನಿಸುವ ಕಾರಣವನ್ನು ಹಿಡಿಯಿರಿ. ಅಪರೂಪಕ್ಕೆ ಎರಡು ಇರಬಹುದು, ಮೂರು ಬೇಡ.

ಆರಿಸಿದ ಮೇಲೆ ಅದನ್ನು 'ಹೀಗಾದರೆ ಹೀಗೆ ಮಾಡುತ್ತೇನೆ' ಎಂಬ ರೂಪದಲ್ಲಿ ಬರೆಯಿರಿ. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ. ಬರಿಯ ಗುರಿಗಿಂತ, ಯಾವ ಸಂದರ್ಭದಲ್ಲಿ ಏನು ಮಾಡುತ್ತೇನೆಂದು ಮೊದಲೇ ಗೊತ್ತುಮಾಡಿಕೊಂಡ ಯೋಜನೆ ಹೆಚ್ಚು ಕಾರ್ಯಗತವಾಗುತ್ತದೆಂದು ಅವರ ಸಂಶೋಧನೆ ತೋರಿಸಿದೆ. ನನ್ನವು ಎರಡೇ ಸಾಲು. 'ಕೇಳಿದ ಪ್ರಶ್ನೆಗೆ ಎರಡು ದಿನದಲ್ಲಿ ಉತ್ತರ ಬಾರದಿದ್ದರೆ ಮೂರನೇ ದಿನ ಬೆಳಿಗ್ಗೆ ಫೋನ್ ಮಾಡುತ್ತೇನೆ.' 'ಲೆಕ್ಕಕ್ಕಿಂತ 15 ಪುಟ ಹಿಂದೆ ಬಿದ್ದರೆ ಅದೇ ದಿನ ತಿಳಿಸುತ್ತೇನೆ.' ಇದರಲ್ಲಿ ಧೈರ್ಯ, ಶಿಸ್ತು, ಛಲದ ಮಾತಿಲ್ಲ. ದಿನ ಬಂದಾಗ ಫೋನ್ ಎತ್ತಬೇಕು, ಅಷ್ಟೇ.

ಸಾಮಾನ್ಯ ತಪ್ಪು: ಪಾಠವನ್ನು ಅಳತೆ ಮೀರಿ ಹಿಗ್ಗಿಸುವುದು. ತೆನಾಲಿ ರಾಮನ ಬೆಕ್ಕು ಒಮ್ಮೆ ಸುಡುವ ಹಾಲಿಗೆ ಬಾಯಿಟ್ಟು, ಆಮೇಲೆ ಹಾಲು ಕಂಡರೇ ಓಡುತ್ತಿತ್ತು. ಅದು ಕಲಿತ ಪಾಠ 'ಹಾಲು ಅಪಾಯ'. ಕಲಿಯಬೇಕಿದ್ದದ್ದು 'ಬಿಸಿ ನೋಡಿ ಬಾಯಿಡಬೇಕು'. 'ಯಾರನ್ನೂ ನಂಬಬಾರದು', 'ಪಾಲುದಾರಿಕೆಯೇ ಬೇಡ', 'ನನಗೆ ಗಣಿತ ಒಗ್ಗುವುದಿಲ್ಲ' ಎಂಬ ರೀತಿಯ ಸಾಲು ನಿಮ್ಮ ಪುಸ್ತಕದಲ್ಲಿ ಕಂಡರೆ ಹೊಡೆದುಹಾಕಿ, ತಾರೀಖು ಮತ್ತು ಮೊತ್ತ ಇರುವ ಸಾಲಾಗಿ ಮತ್ತೆ ಬರೆಯಿರಿ.

ಹಂತ 8: ಮುಂದಿನ ಸೋಲನ್ನು ಈಗಲೇ ಕಲ್ಪಿಸಿಕೊಳ್ಳಿ

ಮರುಪ್ರಯತ್ನಕ್ಕೆ ಇಳಿಯುವ ಹಿಂದಿನ ದಿನ ಅರ್ಧ ಗಂಟೆ ಸಾಕು. ಮನೋವಿಜ್ಞಾನಿ ಗ್ಯಾರಿ ಕ್ಲೈನ್ 2007ರಲ್ಲಿ ಬರೆದ ಲೇಖನದಿಂದ ಹೆಚ್ಚು ಪರಿಚಿತವಾದ ವಿಧಾನ ಇದು. 'ಸೋಲಬಹುದೇ' ಎಂದು ಕೇಳಿಕೊಳ್ಳುವ ಬದಲು, 'ಆರು ತಿಂಗಳು ಕಳೆದಿದೆ, ನಾನು ಮತ್ತೆ ಸೋತಿದ್ದೇನೆ, ಯಾಕೆ ಸೋತೆ' ಎಂದು ಬರೆಯಿರಿ. 'ಸೋತಾಗಿದೆ' ಎಂದು ಒಪ್ಪಿಕೊಂಡು ಬರೆದಾಗ, ಅಲ್ಲಿಯವರೆಗೆ ಬಾಯಿಗೆ ಬಾರದ ಕಾರಣಗಳು ಹೊರಬೀಳುತ್ತವೆ. ಪಟ್ಟಿಯಲ್ಲಿ ಹಳೆಯ ಕಾರಣವೇ ಮತ್ತೆ ಬಂದರೆ ಏಳನೇ ಹಂತಕ್ಕೆ ವಾಪಸ್ ಹೋಗಿ.

ಹಂತ 9: ಚಿಕ್ಕದಾಗಿ, ಸೋತರೂ ತಡೆಯುವಷ್ಟು ಅಳತೆಯಲ್ಲಿ ಶುರುಮಾಡಿ

ಕಳೆದುಕೊಂಡದ್ದನ್ನೆಲ್ಲ ಒಂದೇ ಏಟಿಗೆ ವಾಪಸ್ ಪಡೆಯಬೇಕೆಂಬ ಹಟ ಸಹಜ. ಜೂಜಿನಲ್ಲಿ ಕಳೆದುಕೊಂಡವನೂ ಅದನ್ನೇ ಮಾಡುತ್ತಾನೆ. ಮೊದಲ ಮರುಪ್ರಯತ್ನದ ಗುರಿ ಗೆಲ್ಲುವುದಲ್ಲ, ಬದಲಾವಣೆ ಕೆಲಸ ಮಾಡುತ್ತದೆಯೇ ಎಂದು ನೋಡುವುದು. 240 ಪುಟದ ಬದಲು 30 ಪುಟದ ಕೆಲಸ ಹಿಡಿದೆ. ಅಂಗಡಿ ತೆರೆಯುವ ಮೊದಲು ಇಪ್ಪತ್ತು ಜನರಿಗೆ ಮಾರಿ ನೋಡಬಹುದು. ಪರೀಕ್ಷೆಗೆ ಕೂರುವ ಮೊದಲು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟು ಬಿಡಿಸಬಹುದು.

ಶುರುಮಾಡುವ ಮುನ್ನ ಎರಡು ಗೆರೆ ಎಳೆಯಿರಿ: ಇಷ್ಟು ಹಣ ಅಥವಾ ಇಷ್ಟು ದಿನ ಹೋದರೆ ನಿಲ್ಲಿಸುತ್ತೇನೆ, ಇಂಥ ದಿನ ಕೂತು ಮತ್ತೆ ನೋಡುತ್ತೇನೆ. ಆಟದ ಮಧ್ಯೆ ಗೆರೆ ಎಳೆಯಲು ಆಗುವುದಿಲ್ಲ. 'ಇಷ್ಟು ಹಾಕಿದ್ದೇನೆ, ಈಗ ಹೇಗೆ ಬಿಡಲಿ' ಎಂಬ ಮಾತು ಬರುತ್ತದೆ. ಹೋದ ಹಣ ನೀವು ಮುಂದುವರಿದರೂ ಬಾರದು, ಬಿಟ್ಟರೂ ಬಾರದು. ಕೇಳಬೇಕಾದ ಪ್ರಶ್ನೆ ಬೇರೆ: ಈವರೆಗೆ ಏನೂ ಹಾಕಿರಲಿಲ್ಲ ಎಂದಿಟ್ಟುಕೊಂಡರೆ, ಇವತ್ತು ಇದಕ್ಕೆ ಹೊಸದಾಗಿ ಕೈಹಾಕುತ್ತಿದ್ದೆನೇ? ಉತ್ತರ 'ಇಲ್ಲ' ಎಂದು ಬಂದರೆ, ಎರಡು ದಿನ ಬಿಟ್ಟು ಕೇಳಿದರೂ ಹಾಗೇ ಬಂದರೆ, ಬಿಡುವುದೂ ಒಂದು ಮುಂದಿನ ಹೆಜ್ಜೆ. ಅದಕ್ಕೆ ನಾಚಬೇಕಾಗಿಲ್ಲ.

ಎಚ್ಚರಿಕೆಯ ಗುರುತುಗಳು

ತಪ್ಪು ನಡೆದರೂ ಏನೂ ಆಗಲಿಲ್ಲವೆಂಬ ನೆಮ್ಮದಿ. ಇದನ್ನೇ ಮೊದಲು ಹೇಳುತ್ತೇನೆ, ಇದು ಸೋಲಿನಂತೆ ಕಾಣುವುದೇ ಇಲ್ಲ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಮೇಲೇರಿದ 73 ಸೆಕೆಂಡಿಗೆ ಛಿದ್ರವಾಗಿ ಏಳು ಜನ ಸತ್ತರು. ಕಾರಣವಾದ, ರಾಕೆಟ್ಟಿನ ಜೋಡಣೆಗಳನ್ನು ಮುಚ್ಚುವ ರಬ್ಬರಿನ ಉಂಗುರಗಳು ಅದಕ್ಕೂ ಹಿಂದಿನ ಹಾರಾಟಗಳಲ್ಲೇ ಸವೆದದ್ದು ಕಂಡಿತ್ತು. ನೌಕೆಗಳು ಕ್ಷೇಮವಾಗಿ ಮರಳಿದ್ದರಿಂದ ಆ ಸವೆತವೇ ಸಾಮಾನ್ಯವೆನಿಸಿತು. ಗಡುವಿಗೆ ಒಂದು ಗಂಟೆ ಮೊದಲು ಹೇಗೋ ಮುಗಿಸಿದ ಕೆಲಸ, ಅದೃಷ್ಟದಿಂದ ತಪ್ಪಿದ ನಷ್ಟ, ಇವನ್ನೂ ಸೋಲಿನ ಪುಸ್ತಕದಲ್ಲಿ ಬರೆಯಿರಿ.

ಒಂದೇ ಕಥೆಯನ್ನು ಹತ್ತು ಜನರಿಗೆ ಹೇಳಿ, ಹೇಳಿದಾಗಲೆಲ್ಲ ನೀವು ಇನ್ನಷ್ಟು ಅಮಾಯಕರಾಗುತ್ತ ಹೋಗುತ್ತಿದ್ದರೆ ಐದನೇ ಹಂತ ಆಗಿಲ್ಲವೆಂದು ತಿಳಿಯಿರಿ.

ದಿನವೂ ಅದೇ ಯೋಚನೆ ಸುತ್ತುತ್ತಿದೆ, ಪುಸ್ತಕದಲ್ಲಿ ಹೊಸ ಸಾಲು ಒಂದೂ ಸೇರುತ್ತಿಲ್ಲ ಎಂದಾದರೆ ಅದು ವಿಶ್ಲೇಷಣೆಯಾಗಿ ಉಳಿದಿಲ್ಲ, ಕೊರಗಾಗಿದೆ. ಪುಸ್ತಕ ಮುಚ್ಚಿ, ಕೈಕಾಲಿಗೆ ಕೆಲಸ ಕೊಡಿ, ಮೂರು ದಿನ ಬಿಟ್ಟು ತೆರೆಯಿರಿ.

ಪುಸ್ತಕದಿಂದ ಬಗೆಹರಿಯದ ಗುರುತುಗಳೂ ಇವೆ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಮಂಕು ಕವಿದಿದ್ದರೆ, ನಿದ್ದೆ ಹಸಿವು ಕೆಟ್ಟಿದ್ದರೆ, ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಬೇಡವಾಗಿದ್ದರೆ ವೈದ್ಯರನ್ನು ಅಥವಾ ಆಪ್ತಸಮಾಲೋಚಕರನ್ನು ಕಾಣಿ. ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯಬೇಡಿ. ಅದೇ ದಿನ ಹತ್ತಿರದ ಒಬ್ಬರಿಗೆ ಬಾಯಿಬಿಟ್ಟು ಹೇಳಿ, ಅವರ ಜೊತೆಗೇ ಆಸ್ಪತ್ರೆಗೆ ಹೋಗಿ. ಮೇಲಿನ ಒಂಬತ್ತು ಹಂತಗಳು ಆಮೇಲೆ ಮಾಡಿದರೂ ನಡೆಯುತ್ತದೆ.

ನಿಮ್ಮ ಆಪ್ತರೊಬ್ಬರು ಸೋತಿದ್ದು, ಇದನ್ನು ಅವರಿಗಾಗಿ ಓದುತ್ತಿದ್ದರೆ

ಹಂತಗಳನ್ನು ಅವರ ಮುಂದೆ ಇಡಬೇಡಿ. ಮೊದಲ ವಾರ ಊಟ, ನಿದ್ದೆ, ಒಂದನೇ ಹಂತದ ಗಡುವುಗಳು, ಇಷ್ಟನ್ನು ನೋಡಿಕೊಳ್ಳಿ. ಬೇಕಾದ ಅರ್ಜಿ ತುಂಬಿಕೊಡಿ, ಮಾಡಬೇಕಾದ ಫೋನ್ ಕರೆಯಲ್ಲಿ ಪಕ್ಕದಲ್ಲಿ ಕೂತಿರಿ. 'ನಾನು ಆಗಲೇ ಹೇಳಿದ್ದೆ' ಎಂಬ ವಾಕ್ಯ ನಾಲಿಗೆಯ ತುದಿಗೆ ಬಂದರೂ ನುಂಗಿಕೊಳ್ಳಿ. ಫಿಷಾಫ್ ಅವರ ಪ್ರಯೋಗ ಹೇಳುವ ಪ್ರಕಾರ ನೀವು ಅಷ್ಟು ಖಚಿತವಾಗಿ ಹೇಳಿರದೇ ಇರುವ ಸಾಧ್ಯತೆಯೂ ಇದೆ. ಅವರಾಗಿ 'ಎಲ್ಲಿ ತಪ್ಪಿತು' ಎಂದು ಕೇಳಿದ ದಿನ ಎರಡನೇ ನೋಟ್‌ಪುಸ್ತಕ ತಂದುಕೊಟ್ಟು, ಮೊದಲ ತಾರೀಖು ಯಾವುದೆಂದು ಕೇಳಿ.